ಕಂಪನಿ ಮಂದಿಗೆ ಬುಕ್ ಮಾಡಿದ ರೂಮಿನ ರಾತ್ರಿ ನನ್ನ ಮ್ಯಾರಿಯಟ್ ಖಾತೆಗೆ ಬರ್ತಾವೇನ್ರಿ?

ಉದ್ಯಮಬಾಗ_ಖರೀದಿ:
ನಮ್ಮ ಫೌಂಡ್ರಿಗೆ ಪುಣೆ, ಚೆನ್ನೈ ಕಡೆಯಿಂದ ಇನ್‌ಸ್ಪೆಕ್ಷನ್‌ಗೆ ಮಂದಿ ಬರ್ತಿರ್ತಾರ. ಬೆಳಗಾವಿ ಹತ್ರ ಕಾಕತಿಯಾಗಿರೋ ಮ್ಯಾರಿಯಟ್‌ನವರ ಫೇರ್‌ಫೀಲ್ಡ್ ಹೋಟೆಲ್‌ನಾಗ ತಿಂಗಳಿಗೆ 10-12 ರಾತ್ರಿ ಬುಕ್ ಮಾಡೂದು ನಾನ. ಬಿಲ್ ನನ್ನ ಕಾರ್ಡಿಲೆ ಕಟ್ಟಿ ಆಮ್ಯಾಲೆ ಕಂಪನಿಯಿಂದ ತಗೋತೀನಿ. ಎಲ್ಲಾದಕ್ಕೂ ನನ್ನ ಬಾನ್‌ವಾಯ್ (ಮ್ಯಾರಿಯಟ್ ಸದಸ್ಯತ್ವದ) ನಂಬರ್ ಹಾಕಿದ್ರ ವರ್ಷಕ್ಕ 50 ರಾತ್ರಿ ದಾಟಿ ಪ್ಲಾಟಿನಂ ದರ್ಜೆ ಆಗಬೇಕಲ್ಲ?

ರೂಮ್_ಲೆಕ್ಕ:
ಆಗೂದಿಲ್ರಿ. ರೊಕ್ಕ ಕೊಟ್ಟವರಿಗಲ್ಲ, ಉಳಕೊಂಡವರಿಗೆ ರಾತ್ರಿ ಲೆಕ್ಕ. ನೀವೂ ಅದ ಹೋಟೆಲ್‌ನಾಗ ಆವತ್ತು ಉಳಕೊಂಡು ಬಿಲ್ಲೆಲ್ಲಾ ನೀವ ಕಟ್ಟಿದ್ರ, 3 ರೂಮಿನ ತನಕ ಪಾಯಿಂಟ್ ಬರ್ತಾವ. ಎಲೀಟ್ ರಾತ್ರಿ (ದರ್ಜೆ ಏರಾಕ ಹಿಡಿಯೋ ರಾತ್ರಿ ಲೆಕ್ಕ) ಮಾತ್ರ ನಿಮ್ಮ ರೂಮಿಂದಷ್ಟ. 3 ರೂಮು, 2 ರಾತ್ರಿ ಅಂದ್ರ 6 ಅಲ್ಲ, 2. ಮಂದಿ ಎಡವೂದು ಇಲ್ಲೇ, ಪಾಯಿಂಟ್ ಬ್ಯಾರೆ, ರಾತ್ರಿ ಬ್ಯಾರೆ.

ಫೇರ್‌ಫೀಲ್ಡ್‌ನಾಗ ಡಾಲರಿಗೆ 10 ಪಾಯಿಂಟ್, ತೆರಿಗೆ ಬಿಟ್ಟು. 5,000 ರೂಪಾಯಿ ರೂಮಿಗೆ 550ರ ಆಸುಪಾಸು ಬೀಳ್ತಾವ. ಮೇಕ್‌ಮೈಟ್ರಿಪ್‌ನಂಥಾದ್ರಾಗ ಬುಕ್ ಮಾಡಿದ್ರ ನಿಮ್ಮ ಸ್ವಂತ ರೂಮಿಗೂ ಪಾಯಿಂಟ್ ಇಲ್ಲ, ರಾತ್ರಿನೂ ಇಲ್ಲ.

ಉದ್ಯಮಬಾಗ_ಖರೀದಿ:
ನಾನ ಚೆಕ್-ಇನ್ ಮಾಡಿ ಕೀಲಿ ಅವರ ಕೈಯಾಗ ಕೊಟ್ಟು ಬಂದ್ರ?

ಚೆಕ್‌ಇನ್_ಡೆಸ್ಕ್:
ಆ ಉಸಾಬರಿ ಬ್ಯಾಡ್ರಿ. ಉಳಕೊಳ್ಳೋ ಪ್ರತಿಯೊಬ್ಬರ ಗುರುತಿನ ಚೀಟಿ ಹೋಟೆಲ್‌ನವರು ತಗೋಬೇಕು. ವಿದೇಶದ ಇಂಜಿನಿಯರ್ ಇದ್ರ ಅವರ ಪಾಸ್‌ಪೋರ್ಟ್, ವೀಸಾ ವಿವರ ಹಾಕಿ 24 ತಾಸಿನೊಳಗ ಫಾರ್ಮ್ ಸಿ ಸರ್ಕಾರಕ್ಕ ಆನ್‌ಲೈನ್ ಕಳಿಸಬೇಕು. ರೂಮ್ ನಿಮ್ಮ ಹೆಸರಿಲೆ, ಒಳಗ ಇನ್ನೊಬ್ಬರು ಅಂದ್ರ ಪೊಲೀಸ್ ತಪಾಸಣೆಗೆ ಸಿಕ್ಕೊಳ್ಳೋರು ಹೋಟೆಲ್‌ನವರೂ ಹೌದು, ನೀವೂ ಹೌದು. ಬುಕ್ಕಿಂಗ್ ಅತಿಥಿ ಹೆಸರಿಗೆ ತಿದ್ದಿಸಿದ್ರಂತೂ ಹೆಸರು ಹೊಂದದ ನಿಮ್ಮ ನಂಬರ್ ಅಲ್ಲೇ ಬಿತ್ತು. ಒಂದ ರಾತ್ರಿ ಬೆಳಗಾವಿಯಾಗೂ ಪುಣೆಯಾಗೂ ನಿಮ್ಮ ಹೆಸರಿದ್ರ ಅನುಮಾನ ಬರೂದ. ಗಳಿಸಿದ್ದು ಕಸಗೊಂಡು ಖಾತೆ ಮುಚ್ಚೂ ಅಧಿಕಾರ ಮ್ಯಾರಿಯಟ್‌ನವರಿಗೈತಿ.

ನೆಟ್ಟಗ ದಾರಿ ಅಂದ್ರ, ಬಂದವರಿಗೆ ಅವರ ನಂಬರ್ ಹಾಕಿಸ್ರಿ, ಬುಕ್ಕಿಂಗ್‌ನಾಗ ಹೆಸರು ಆಧಾರ್‌ನಾಗ ಇದ್ದಂಗ ಇರಲಿ.

ರೂಮ್_ಲೆಕ್ಕ:
ನಿಮಗ ಎರಡು ದಾರಿ ಅದಾವ. ಒಂದು, ಡೀಲರ್ ಮೀಟಿಂಗ್‌ನಂಥಾದ್ದು. ಒಂದ ರಾತ್ರಿಗೆ ಕನಿಷ್ಠ 10 ರೂಮ್ ಹಿಡಿದು, ಹೋಟೆಲ್ ಜೋಡಿ ಮಾಡೋ ಕರಾರಿನಾಗ ನಿಮ್ಮ ನಂಬರ್ ಬರೆಸ್ಬೇಕು. ಸಹಿ ಆದ ಮ್ಯಾಲೆ ಸೇರಿಸ್ರಿ ಅಂದ್ರ ಜಗ್ಗಾಡಬೇಕಾಗ್ತೈತಿ. 20 ರೂಮ್-ರಾತ್ರಿಗೆ 1 ಎಲೀಟ್ ರಾತ್ರಿ. 15 ರೂಮು 2 ದಿನ ಹಿಡಿದ್ರ 30 ರೂಮ್-ರಾತ್ರಿ, ಸಿಗೂದು 1. ಪಾಯಿಂಟ್ ಬ್ಯಾರೆ ಬರ್ತಾವ. ರೊಕ್ಕ ಕಂಪನಿದು, ಮೊದಲ ಸಾಹೇಬರ ಒಪ್ಪಿಗೆ ಬರವಣಿಗೆಯಾಗ ತಗೋರಿ.

ಎರಡನೇದು ಎಚ್‌ಡಿಎಫ್‌ಸಿ ಮ್ಯಾರಿಯಟ್ ಕಾರ್ಡ್. ವರ್ಷಕ್ಕ 3,000 ರೂಪಾಯಿ ಮತ್ತು ಜಿಎಸ್‌ಟಿ. ಅದ್ರ ಜೋಡಿ 10 ಎಲೀಟ್ ರಾತ್ರಿ ಬರ್ತಾವ, ಅಲ್ಲಿಗೆ ಸಿಲ್ವರ್. ನೀವ ಖುದ್ದು 15 ರಾತ್ರಿ ಉಳಕೊಂಡ್ರ 25, ಗೋಲ್ಡ್. ಪಾಯಿಂಟ್ ಕೊಟ್ಟು ನೀವ ಉಳಕೊಂಡ ರಾತ್ರಿನೂ ಲೆಕ್ಕಕ್ಕ ಹಿಡೀತಾರ. ಪ್ಲಾಟಿನಂ ಆಸೆ ಬಿಡೂದ ಚೊಲೊ.

ಚೆಕ್‌ಇನ್_ಡೆಸ್ಕ್:
ಮೀಟಿಂಗ್ ಇಡೂದಿದ್ರ ಡಿಸೆಂಬರ್ ಬಿಟ್ಟು ಇಡ್ರಿ. ಸುವರ್ಣ ವಿಧಾನಸೌಧದಾಗ ಅಧಿವೇಶನ ಕೂತಾಗ ಬೆಳಗಾವಿಯಾಗ 10 ರೂಮ್ ಒಂದ ಕಡೆ ಹುಟ್ಟೂದಿಲ್ಲ.