ಸಮಸ್ಯೆ: "ಬೇರಿಲ್ಲದೆ ಹಸಿರಾಯಿತು ಕಲ್"

ಕೋಲಾರದ ಮೇಷ್ಟ್ರು: ಈ ವಾರದ ಸಾಲು ಮೇಲಿದೆ, ಪದ್ಯ ಕಟ್ಟಿ ಈ ಸಾಲಿನಿಂದಲೇ ಮುಗಿಸಬೇಕು. ಭಾನುವಾರ ರಾತ್ರಿಯವರೆಗೆ ಸಮಯ. ಹೋದ ಸಲದ ಹಾಗೆ ಜಗಳದಲ್ಲೇ ವಾರ ಕಳೆಯಬೇಡಿ.

ಮಾಲೂರಿನವ:
ಭೋರನೆ ಮಳೆ ಬರೆ
ದಾರಿಯ ಬಂಡೆಗೆ
ಮೂರೇ ದಿನದಲಿ ಮೆರುಗಾಯ್ತು
ನೀರಿನ ಪಾಚಿಯ
ಸೀರೆಯನುಟ್ಟಿತು
ಬೇರಿಲ್ಲದೆ ಹಸಿರಾಯಿತು ಕಲ್

ಕೋಲಾರದ ಮೇಷ್ಟ್ರು: ಸೀರೆ ಚೆನ್ನಾಗಿದೆ. ಮುಂದೆ.

ಕೆಜಿಎಫ್ ಹುಡುಗಿ: ನಾನು ಪಾಚಿ ಬಿಟ್ಟು ಕಲ್ಲಿನದೇ ಹಸಿರು ಹಿಡಿದಿದ್ದೇನೆ. ಪೆರಿಡೊಟೈಟ್ ಅಂತ ಒಂದು ಕಲ್ಲು. ಭೂಮಿಯ ಚಿಪ್ಪಿನ ಕೆಳಗೆ ಮ್ಯಾಂಟಲ್ ಇದೆಯಲ್ಲ, ಅದರ ಮೇಲ್ಭಾಗದಲ್ಲಿ ಜಾಸ್ತಿ ಇರುವುದು ಇದೇ. ಇದರಲ್ಲಿ ಶೇ. 40ಕ್ಕಿಂತ ಹೆಚ್ಚು ಆಲಿವಿನ್ ಅನ್ನುವ ಖನಿಜ. ಹಸಿರು ಅದರದ್ದು.
ಊರಿನ ಕೆಳಗಡೆ
ಭಾರದ ಬಿಸಿಯಲಿ
ಯಾರೂ ಕಾಣದ ಮನೆಯಿಂದ
ಏರಿತು ಮೇಲಕೆ
ಸೇರಿತು ಬಯಲನು
ಬೇರಿಲ್ಲದೆ ಹಸಿರಾಯಿತು ಕಲ್

ಮಾಲೂರಿನವ: ನಾಲ್ಕನೇ ಸಾಲು ನಿಲ್ಲಲ್ಲ ತಂಗಿ. "ಏರು" ಹಳಗನ್ನಡದಲ್ಲಿ ಏಱು, ಆ ಱ ಬೇರೆಯೇ ಅಕ್ಷರ, ಗಡಸು ರ. ಬೇರು, ಊರು, ಸೇರು ಎಲ್ಲಾ ಸಾದಾ ರ. ಸಾಲುಗಳ ಎರಡನೇ ಅಕ್ಷರದಲ್ಲಿ ಎರಡನ್ನೂ ಬೆರೆಸಿದರೆ ಪ್ರಾಸ ಕೆಟ್ಟಿತು. ಮೇಷ್ಟ್ರು "ಕಲ್" ಅಂತ ಮುಗಿಸಿ ಕೊಟ್ಟಿದ್ದಾರೆ ಅಂದ್ರೆ ಹಳಗನ್ನಡದ ಲೆಕ್ಕವೇ ಹಿಡಿಯಬೇಕು.

ಮುಳಬಾಗಿಲು ಅಕ್ಕ: ಅಣ್ಣಾ, ನಿಮ್ಮ ಮೂರನೇ ಸಾಲು "ಮೂರೇ" ಅಂತಲೇ ಶುರುವಾಗಿದೆ. ಅದು ಮೂಱು ಅಲ್ವಾ? ನಡುಗನ್ನಡದಲ್ಲೇ ಱ ಕರಗಿ ರ ಆಗಿದೆ, ಈಗ ಆ ಹುಡುಗಿ ಒಬ್ಬಳಿಗೆ ಮಾತ್ರ ಯಾಕೆ ಈ ಲೆಕ್ಕ?

ಮಾಲೂರಿನವ: "ಮೂರೇ" ನನ್ನ ತಪ್ಪು, ತಿದ್ದುತ್ತೇನೆ. ನನ್ನ ತಪ್ಪಿನಿಂದ ಅವಳದು ಸರಿಯಾಗಲ್ಲ. ಯುಗಾದಿಯಲ್ಲಿ ನಿಮ್ಮ ಪದ್ಯದ "ಮಳೆ" ಹಳಗನ್ನಡದಲ್ಲಿ ಮೞೆ, ಆ ೞ ಸಾದಾ ಳ ಅಲ್ಲ ಅಂತ ತಕರಾರು ಎತ್ತಿದ್ದೆ, ಅದನ್ನು ನೀವಿನ್ನೂ ಮರೆತಿಲ್ಲ.

ಮುಳಬಾಗಿಲು ಅಕ್ಕ: ಮರೆಯುವ ಮಾತೇ ಇಲ್ಲ.

ಬಂಗಾರಪೇಟೆ: ಪ್ರಾಸ ಇರಲಿ. "ಊರಿನ ಕೆಳಗಡೆ" ಅಂದ್ರೆ ನಿಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಈ ಕಲ್ಲು ಸಿಕ್ಕಿತ್ತಾ?

ಕೆಜಿಎಫ್ ಹುಡುಗಿ: ಇಲ್ಲಣ್ಣ. ಗಣಿ ಇಳಿದದ್ದು ಸುಮಾರು 3.2 ಕಿ.ಮೀ. ಮ್ಯಾಂಟಲ್ ಸಿಗಬೇಕಾದರೆ ಇನ್ನೂ 30 ಕಿ.ಮೀ.ಗೂ ಮೀರಿ ಹೋಗಬೇಕು. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮಪ್ಪ ಹಾಸನ ಜಿಲ್ಲೆಯ ಬೈರಾಪುರದ ಕ್ರೋಮೈಟ್ ಗಣಿ ಕಡೆಯಿಂದ ಈ ಜಾತಿಯದೇ ಒಂದು ಕಲ್ಲು ತಂದಿದ್ದರು, ಅದನ್ನು ಕೈಯಲ್ಲಿ ಹಿಡಿದೇ ಬರೆಯುತ್ತಿದ್ದೇನೆ. ಮೈ ಸೋಪಿನ ಹಾಗೆ ನುಣುಪು. ಬಣ್ಣ ಬಲಿತ ಹೊಂಗೆ ಎಲೆಯದು. ಇದನ್ನು ತಿರುಗಿಸಿ ನೋಡುತ್ತಾ ನನ್ನ ಪದ್ಯದ ನಿಜವಾದ ತಪ್ಪು ಹೊಳೆಯಿತು. ಪೆರಿಡೊಟೈಟ್ ಸುಮ್ನೆ ಬಯಲಿಗೆ ಬಂದರೆ ಅದರಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಹೊರಮೈ ಕಂದು ಆಗುತ್ತೆ. ಒಳಗೆ ನೀರು ಇಳಿದಾಗ ಆಲಿವಿನ್ ಹೋಗಿ ಸರ್ಪೆಂಟೈನ್ ಅನ್ನುವ ಬೇರೆ ಖನಿಜ ಆಗುತ್ತೆ, ಈ ಜಿಡ್ಡು ಹಸಿರು ಬರುವುದು ಆಗ. ನಾಲ್ಕನೇ ಸಾಲು ಹೀಗೆ ಓದಿಕೊಳ್ಳಿ:
ನೀರನು ಕುಡಿಯುತ

ಕೋಲಾರದ ಮೇಷ್ಟ್ರು: ಸೈ!

ಮಾಲೂರಿನವ: ಈಗ "ಬೇರಿಲ್ಲದೆ"ಗೆ ಕೆಲಸ ಬಂತು. ಬೇರಿಲ್ಲದೆ ನೀರು ಕುಡಿದ ಕಲ್ಲು! ಇದು ನನ್ನ ಪಾಚಿಗಿಂತ ಮೇಲು, ಒಪ್ಪಿದೆ. ಏಱು ಹಿಡಿದದ್ದು ನಾನು, ಅದೂ ನೆನಪಿರಲಿ. ನನ್ನ "ಮೂರೇ ದಿನದಲಿ" ತೆಗೆದು "ವಾರದೊಳಗೆ ಬಲು" ಅಂತ ಹಾಕಿದ್ದೇನೆ.

ಮುಳಬಾಗಿಲು ಅಕ್ಕ: ಆ "ಬಲು" ಛಂದಸ್ಸಿನ ಮಾತ್ರೆ ಲೆಕ್ಕ ತುಂಬೋಕೆ ಹಾಕಿದ್ದು.