ಸುರಂಗದ ಲೈನಿಂಗ್ ಹಿಂದೆ ಉದ್ದಕ್ಕೂ ಟೊಳ್ಳಿದೆಯೇ? ಜಿಪಿಆರ್ ದಾಖಲೆಯಲ್ಲಿ 13.3 ನ್ಯಾನೋಸೆಕೆಂಡಿನ ನೇರ ಗೆರೆ

ನಾಲೆಬಯಲು (ಮಂಡ್ಯ):

ಎಲ್ಲರಿಗೂ ನಮಸ್ಕಾರ. ನಾಲೆಗೆ ನೀರು ನಿಲ್ಲಿಸಿರುವ ಈ ಅವಧಿಯಲ್ಲಿ ನಮ್ಮ ಭಾಗದ ಒಂದು ಸಣ್ಣ ನಾಲಾ ಸುರಂಗವನ್ನು ಜಿಪಿಆರ್ ಉಪಕರಣದಿಂದ (ರೇಡಿಯೊ ಅಲೆ ಕಳಿಸಿ, ಪ್ರತಿಫಲನ ಮರಳುವ ಸಮಯದಿಂದ ಒಳಗಿರುವುದನ್ನು ತೋರಿಸುವ ರಾಡಾರ್) ಪರೀಕ್ಷಿಸುತ್ತಿದ್ದೇವೆ. ವಿಶ್ವೇಶ್ವರಯ್ಯ ನಾಲೆಯ ಹುಲಿಕೆರೆ ಸುರಂಗದ ಮುಂದೆ ಇದು ಲೆಕ್ಕಕ್ಕಿಲ್ಲ. ಉದ್ದ 60 ಮೀಟರ್ ಮಾತ್ರ. ಬಂಡೆಯನ್ನು ಸಿಡಿಸಿ ತೆರೆದ ದಾರಿಗೆ 30 ಸೆಂ.ಮೀ. ದಪ್ಪದ ಕಾಂಕ್ರೀಟ್ ಲೈನಿಂಗ್ (ಒಳಹೊದಿಕೆ) ಹಾಕಿದ್ದು, ಅದರಲ್ಲಿ 20 ಸೆಂ.ಮೀ. ಅಂತರದ ಒಂದು ಪದರ ಕಂಬಿ ಇದೆ ಎಂದು ಹಳೆಯ ನಕ್ಷೆ ಹೇಳುತ್ತದೆ.

ಕಬ್ಬು ಸಾಗಿಸುವ ಟ್ರೇಲರನ್ನು ಒಳಗಿಳಿಸಿ, ಅದರ ಮೇಲೆ ಹಲಗೆಯ ಅಟ್ಟ ಕಟ್ಟಿ, 400 ಮೆಗಾಹರ್ಟ್ಸ್ ಆಂಟೆನಾವನ್ನು ಚಾವಣಿಗೆ ಒತ್ತಿ ಹಿಡಿದುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿದೆವು. ದಾಖಲೆಯಲ್ಲಿ ಕಂಬಿಗಳು ಮೂಡಿಸುವ ಕಮಾನಿನಾಕಾರದ ಗುರುತುಗಳು ಚೆನ್ನಾಗಿಯೇ ಕಾಣುತ್ತವೆ. ಆದರೆ 13.3 ನ್ಯಾನೋಸೆಕೆಂಡಿನ ಬಳಿ ಅಡಿಪಟ್ಟಿ ಇಟ್ಟು ಎಳೆದಂತಹ ಒಂದು ದಟ್ಟ ಗೆರೆ ಪೂರ್ತಿ ಉದ್ದಕ್ಕೂ ಬಂದಿದೆ. ಕಾಂಕ್ರೀಟಿನಲ್ಲಿ ಅಲೆಯ ವೇಗವನ್ನು 10 ಸೆಂ.ಮೀ./ನ್ಯಾನೋಸೆಕೆಂಡ್ ಎಂದಿಟ್ಟುಕೊಂಡು, ಹೋಗಿಬರುವ ದಾರಿಯನ್ನು ಅರ್ಧ ಮಾಡಿದರೆ ಅದು 66 ಸೆಂ.ಮೀ. ಆಳಕ್ಕೆ ಬೀಳುತ್ತದೆ. 45ನೇ ಮೀಟರಿನ ಬಳಿ ಮಾತ್ರ ಗೆರೆ ಸುಮಾರು ಅರ್ಧ ನ್ಯಾನೋಸೆಕೆಂಡ್ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಲೈನಿಂಗ್ ಹಿಂದೆ ಉದ್ದಕ್ಕೂ ಪೊಳ್ಳು ಜಾಗವಿದ್ದು, ಅಲ್ಲಿ ಅದು ಇನ್ನಷ್ಟು ಹಿಗ್ಗಿದೆಯೇ? ವರದಿ ಬರೆಯಲು ಕೈ ಬರುತ್ತಿಲ್ಲ.

ಚಾಮುಂಡಿ ತಪ್ಪಲು (ಮೈಸೂರು):

ಹಿನ್ನೆಲೆ ತೆಗೆಯುವ ಫಿಲ್ಟರ್ ಹಾಕಿ ನೋಡಿ. ಗೆರೆ ಮಾಯವಾದರೆ ಅದು ಉಪಕರಣದ ಗದ್ದಲ ಎಂದು ತಿಳಿಯಬಹುದು.

ಹಳೇಮೀಟರು (ಮೈಸೂರು):

ಫಿಲ್ಟರಿಗೆ ಆತುರ ಬೇಡ. ಅದು ಎಲ್ಲ ಅಲೆಸಾಲುಗಳ (ಒಂದೊಂದು ಜಾಗದಲ್ಲಿ ದಾಖಲಾದ ಅಲೆಗಳ) ಸರಾಸರಿಯನ್ನು ಪ್ರತಿಯೊಂದರಿಂದಲೂ ಕಳೆಯುತ್ತದೆಯಾದ್ದರಿಂದ, ಉದ್ದಕ್ಕೂ ಒಂದೇ ಸಮಯಕ್ಕೆ ಬರುವ ಎಲ್ಲವನ್ನೂ ಅಳಿಸುತ್ತದೆ. ಲೈನಿಂಗಿನ ಬೆನ್ನು ಸಮತಟ್ಟಾಗಿದ್ದರೆ ಅದೂ ಹೋಗುತ್ತದೆ. ಅಳಿಸಿದ ಮೇಲೆ ಏನನ್ನು ಅಳಿಸಿದೆವು ಎಂಬುದು ತಿಳಿಯುವುದಿಲ್ಲ.

ನನಗೆ ಮೊದಲು ಅನುಮಾನ ಬಂದದ್ದು ಗೆರೆಯ ನೇರತನದ ಮೇಲೆ. ಸಿಡಿಮದ್ದಿನಿಂದ ಒಡೆದ ಬಂಡೆಯ ಮುಖ ಅಡಿಗಡಿಗೆ ಉಬ್ಬಿ ತಗ್ಗಿರುತ್ತದೆ. ಅದರ ಪ್ರತಿಫಲನ 60 ಮೀಟರ್ ಅಲುಗದೆ ಬರುವುದು ಅಸಾಧ್ಯವೆಂದೇ ಹೇಳುತ್ತೇನೆ. ಆಂಟೆನಾದ ಜೊತೆಯಲ್ಲೇ ಚಲಿಸುವ ವಸ್ತು ಮಾತ್ರ ಹೀಗೆ ಕಾಣಿಸಿಕೊಳ್ಳುತ್ತದೆ. ಕವಚವಿರುವ ಆಂಟೆನಾ ಕೂಡ ಬೆನ್ನ ಹಿಂದೆ ಸ್ವಲ್ಪ ಶಕ್ತಿಯನ್ನು ಸೋರಿಸುತ್ತದೆ. ಅದೇ 13.3 ನ್ಯಾನೋಸೆಕೆಂಡನ್ನು ಗಾಳಿಯಲ್ಲಿ ಅಲೆಯ ವೇಗವಾದ 30 ಸೆಂ.ಮೀ./ನ್ಯಾನೋಸೆಕೆಂಡಿಗೆ ಗುಣಿಸಿ ಅರ್ಧ ಮಾಡಿದರೆ 2 ಮೀಟರ್ ಬರುತ್ತದೆ. ತಮ್ಮ ಆಂಟೆನಾದಿಂದ ಟ್ರೇಲರಿನ ತಗಡಿನ ತಳಕ್ಕೆ ಎಷ್ಟು ದೂರವಿತ್ತು?

ಹತ್ತು ನಿಮಿಷದಲ್ಲಿ ಮುಗಿಯುವ ಒಂದು ಪರೀಕ್ಷೆ ಇದೆ. ಒಂದೇ ಜಾಗದಲ್ಲಿ ನಿಂತು, ದಾಖಲೆ ಓಡುತ್ತಿರುವಾಗಲೇ ಆಂಟೆನಾವನ್ನು ಚಾವಣಿಯಿಂದ ನಿಧಾನವಾಗಿ 15 ಸೆಂ.ಮೀ. ಕೆಳಗಿಳಿಸಿ. ಕಾಂಕ್ರೀಟಿನೊಳಗಿನ ಪ್ರತಿಫಲನಗಳು, ಗಾಳಿಯಲ್ಲಿ ಹೋಗಿಬರುವ ದಾರಿ 30 ಸೆಂ.ಮೀ. ಹೆಚ್ಚುವುದರಿಂದ, 1 ನ್ಯಾನೋಸೆಕೆಂಡ್ ತಡವಾಗಿ ಬರಬೇಕು. ಕೆಳಗಿನ ಟ್ರೇಲರಿನದ್ದಾದರೆ ಅಷ್ಟೇ ಬೇಗ ಬರಬೇಕು. ಗೆರೆ ಯಾವ ಕಡೆಯದ್ದು ಎಂಬುದನ್ನು ಅದರ ನಡೆಯೇ ಹೇಳುತ್ತದೆ.

ಇನ್ನೊಂದು ಮಾತು: 30 ಸೆಂ.ಮೀ. ಲೈನಿಂಗಿಗೆ 400 ಮೆಗಾಹರ್ಟ್ಸ್ ಒರಟಾಯಿತು. ಕಾಂಕ್ರೀಟಿನಲ್ಲಿ ಅದರ ಅಲೆಯುದ್ದವೇ 25 ಸೆಂ.ಮೀ. ಆಗುತ್ತದೆ. 900 ಸಿಕ್ಕರೆ ಅದನ್ನೇ ಬಳಸಿ.

ನಾಲೆಬಯಲು (ಮಂಡ್ಯ):

ತಮ್ಮ ಊಹೆ ಸರಿಯಾಗಿದೆ. ಆಂಟೆನಾ ಇಳಿಸುತ್ತಿದ್ದಂತೆ ಕಂಬಿಗಳ ಗುರುತುಗಳು ಕೆಳಕ್ಕೆ ಸರಿದವು. ದಟ್ಟ ಗೆರೆ ಮಾತ್ರ ಮೇಲಕ್ಕೆ, 12.3ಕ್ಕೆ ಬಂತು. ಟೇಪು ಹಿಡಿದಾಗ ತಗಡಿಗೆ ಇದ್ದ ದೂರ 2 ಮೀಟರಿಗೆ ಒಂದು ಬೆರಳು ಕಡಿಮೆ. 45ನೇ ಮೀಟರಿನ ಗುಟ್ಟೂ ಬಯಲಾಯಿತು. ಅಲ್ಲಿ ನೆಲದ ಮೇಲೆ ಹೂಳು ನಿಂತಿದ್ದು, ಟ್ರೇಲರಿನ ಗಾಲಿಗಳು ಸುಮಾರು 8 ಸೆಂ.ಮೀ. ಹೂತ ಗುರುತು ಇನ್ನೂ ಹಾಗೇ ಇದೆ. ಚಾವಣಿಯನ್ನು ಬಿಟ್ಟು ನಾನು ಹೂಳಿನ ಆಳವನ್ನು ಅಳೆದಿದ್ದೆ!

ಈಗ ಮರದ ಏಣಿ ಬಳಸಿ 900 ಮೆಗಾಹರ್ಟ್ಸಿನಲ್ಲಿ ಮತ್ತೆ ದಾಖಲಿಸಿದ್ದೇನೆ. ಗೆರೆ ಇಲ್ಲ. ಆದರೆ 18ರಿಂದ 21ನೇ ಮೀಟರಿನವರೆಗೆ 6 ನ್ಯಾನೋಸೆಕೆಂಡಿನ ಬಳಿ ಬಲವಾದ ಪ್ರತಿಫಲನವಿದೆ. ಸುತ್ತಿಗೆಯಿಂದ ಬಡಿದರೆ ಅಲ್ಲಿ ಸದ್ದೂ ಬೇರೆ.

ಹಳೇಮೀಟರು (ಮೈಸೂರು):

ಆ ಅಲೆಯ ಧ್ರುವತೆಯನ್ನು (ಅದು ಮೊದಲು ಯಾವ ಕಡೆಗೆ, ಧನಕ್ಕೋ ಋಣಕ್ಕೋ, ಏಳುತ್ತದೆ ಎಂಬುದನ್ನು) ಪಕ್ಕದ ಕಂಬಿಯ ಅಲೆಯೊಂದಿಗೆ ಹೋಲಿಸಿ. ತೇವದ ಕಾಂಕ್ರೀಟಿನ ಪರಾವೈದ್ಯುತ ಸ್ಥಿರಾಂಕ (ಅಲೆಯನ್ನು ವಸ್ತು ಎಷ್ಟು ನಿಧಾನಿಸುತ್ತದೆ ಎಂಬುದರ ಅಳತೆ) 9, ಗಾಳಿಯದು 1, ನೀರಿನದು ಸುಮಾರು 81. ವರ್ಗಮೂಲಗಳು 3, 1 ಮತ್ತು 9. ಎರಡು ವರ್ಗಮೂಲಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಪ್ರತಿಫಲನದ ಬಲ ಸಿಗುತ್ತದೆ. ಹಾಗಾಗಿ ಟೊಳ್ಳಿನಲ್ಲಿ ಗಾಳಿಯಿದ್ದರೂ ನೀರಿದ್ದರೂ ಪ್ರತಿಫಲನದ ಬಲ ಒಂದೇ, ಬಂದ ಅಲೆಯ ಅರ್ಧದಷ್ಟು. ಚಿಹ್ನೆ ಮಾತ್ರ ಬೇರೆ. ಕಂಬಿಯಂತೆಯೇ ಇದ್ದರೆ ನೀರು, ತಿರುಗಿದ್ದರೆ ಗಾಳಿ. ಅನಂತರ ಒಂದು ಸಣ್ಣ ರಂಧ್ರ ಕೊರೆಯದೆ ವರದಿಗೆ ಸಹಿ ಹಾಕಬೇಡಿ.

ನಾಲೆಬಯಲು (ಮಂಡ್ಯ):

ಧ್ರುವತೆ ತಿರುಗಿತ್ತು. 19.5ನೇ ಮೀಟರಿನಲ್ಲಿ ಕೊರೆದಾಗ 28 ಸೆಂ.ಮೀ.ಗೆ ಡ್ರಿಲ್ ಸರಕ್ಕನೆ ಒಳಗೆ ಜಾರಿತು, ನೀರು ಬರಲಿಲ್ಲ. ತಂತಿ ತೂರಿಸಿದರೆ ಇನ್ನೂ 12 ಸೆಂ.ಮೀ. ಆಚೆ ಬಂಡೆ ತಾಗುತ್ತದೆ. ಈ ಅಳತೆಯಿಂದ ವೇಗವನ್ನು 9.3 ಎಂದು ತಿದ್ದಿಕೊಂಡಿದ್ದೇನೆ. ಆ ಮೂರು ಮೀಟರಿಗೆ ಸಿಮೆಂಟ್ ಗ್ರೌಟ್ (ತೆಳು ಸಿಮೆಂಟ್ ಕಲಕ) ತುಂಬಿಸಲು ಬರೆದಿದ್ದೇನೆ. ತುಂಬಿಸಿದ ಮರುದಿನವೇ ಮತ್ತೆ ದಾಖಲಿಸಬಹುದೇ?

ಹಳೇಮೀಟರು (ಮೈಸೂರು):

ಹಸಿ ಗ್ರೌಟಿನಲ್ಲಿ ನೀರು ಹೆಚ್ಚಿರುವುದರಿಂದ ಅದು ನೀರು ತುಂಬಿದ ಟೊಳ್ಳಿನಂತೆಯೇ ಕಾಣುತ್ತದೆ. ನಾಲೆಗೆ ನೀರು ಬಿಡುವ ದಿನ ಎಷ್ಟು ದೂರವಿದೆಯೋ ನೋಡಿಕೊಂಡು, ಸಾಧ್ಯವಾದಷ್ಟು ತಡವಾಗಿ ದಾಖಲಿಸಿ. ಏಣಿ ಮರದ್ದೇ ಇರಲಿ.