ಮಿನಿಯಾಪೊಲಿಸ್ ಚಳಿ ತಡೆದುಕೊಂಡು ಪ್ರತಿ ವಸಂತಕ್ಕೂ ತಾವಾಗೇ ಚಿಗುರುವ ಹೂಗಿಡಗಳು ಯಾವುವು?

ಪಿಂಪಳೆ_ಬಾಲ್ಕನಿ (ಪುಣೆ)

ಮಗಳ ಮನೆ ಮಿನಿಯಾಪೊಲಿಸ್‌ನಲ್ಲಿದೆ. ಸೆಪ್ಟೆಂಬರ್ ಮೊದಲ ವಾರ ಹೋಗಿ ನವೆಂಬರ್ ಕೊನೆಗೆ ವಾಪಸ್ ಬರುತ್ತೇನೆ. ಮನೆ ಮುಂದೆ ದಕ್ಷಿಣಕ್ಕೆ 12 ಅಡಿ ಉದ್ದ, 3 ಅಡಿ ಅಗಲದ ಪಾತಿ ಇದೆ, ದಿನವಿಡೀ ಬಿಸಿಲು. ಉತ್ತರದ ಗೋಡೆ ಪಕ್ಕ 10 × 4 ಅಡಿ ನೆರಳಿನ ಜಾಗ. ಮಣ್ಣು ಅಂಟುಜೇಡಿ. ಮಗಳು, ಅಳಿಯ ಇಬ್ಬರಿಗೂ ಪುರುಸೊತ್ತಿಲ್ಲ, ಹಾಗಾಗಿ ಒಮ್ಮೆ ನೆಟ್ಟರೆ ವರ್ಷ ವರ್ಷ ಏಪ್ರಿಲ್-ಮೇನಲ್ಲಿ ತಾವಾಗೇ ಹೂ ಬಿಡುವಂಥವು ಬೇಕು. ಯಾವುದು, ಎಷ್ಟು, ಎಷ್ಟು ಆಳಕ್ಕೆ? ಇಲ್ಲಿಂದ ಬೀಜ, ಗೆಡ್ಡೆ ಒಯ್ಯಬಹುದಾ? ಬರುವಾಗ ಅಲ್ಲಿಯ ಗೆಡ್ಡೆ ತಂದು ಪುಣೆಯಲ್ಲಿ ಬೆಳೆಸಬಹುದಾ?

ಗೆಡ್ಡೆಗೆಣಸು (ಠಾಣೆ)

ಮೊದಲು ವಲಯದ ಲೆಕ್ಕ. ಯಾವ ಊರಲ್ಲಿ ಎಷ್ಟು ಚಳಿ ಎಂದು ವಲಯ ವಿಂಗಡಿಸಿದ ಅಮೆರಿಕದ ಕೃಷಿ ಇಲಾಖೆಯ 2023ರ ನಕ್ಷೆಯಲ್ಲಿ ಮಿನಿಯಾಪೊಲಿಸ್ 4ಬಿ ಇಂದ 5ಎಗೆ ಏರಿದೆ. ಹಾಗಂತ ನರ್ಸರಿಯಲ್ಲಿ 'ವಲಯ 5' ಚೀಟಿಯ ಗಿಡ ತರಬೇಡಿ. ಆ ಅಂಕಿ 1991ರಿಂದ 2020ರವರೆಗೆ ಪ್ರತಿ ವರ್ಷದ ಅತಿ ಚಳಿಯ ರಾತ್ರಿಯ ಸರಾಸರಿ ಅಷ್ಟೇ. ಸರಾಸರಿ ಅಂದಮೇಲೆ ಅದಕ್ಕಿಂತ ಕೊರೆಯುವ ಚಳಿಗಾಲಗಳೂ ಬರುತ್ತವೆ. 5ಎ ಎಂದರೆ ಮೈನಸ್ 26ರಿಂದ 29 ಡಿಗ್ರಿ, ವಲಯ 4 ಎಂದರೆ ಮೈನಸ್ 34ರವರೆಗೆ. ಚೀಟಿಯಲ್ಲಿ 3 ಅಥವಾ 4 ಇದ್ದರೆ ಮಾತ್ರ ತನ್ನಿ.

ಕುಂಡದಲ್ಲಿ ನೆಡುವ ಯೋಚನೆ ಬಿಟ್ಟುಬಿಡಿ. ನೆಲದೊಳಗೆ ಬೇರಿಗೆ ಸಿಗುವ ಬೆಚ್ಚಗೆ ಕುಂಡದಲ್ಲಿ ಸಿಗುವುದಿಲ್ಲ, ನಾಲ್ಕೂ ಕಡೆಯಿಂದ ಹೆಪ್ಪುಗಟ್ಟುತ್ತದೆ.

ಬಿಸಿಲಿನ ಪಾತಿಗೆ: ಪಿಯೋನಿ 2, ನಡುವೆ 3 ಅಡಿ ಅಂತರ. ಸೈಬೀರಿಯನ್ ಐರಿಸ್ 3, ಒಂದೂವರೆ ಅಡಿಗೊಂದು. ಅಂಚಿಗೆ ಕ್ರೀಪಿಂಗ್ ಫ್ಲಾಕ್ಸ್ 4, ಮೇನಲ್ಲಿ ಎಲೆಯೇ ಕಾಣದಷ್ಟು ಹೂ ಬಿಟ್ಟು ನೆಲಕ್ಕೆ ಚಾಪೆ ಹಾಸಿದಂತಿರುತ್ತದೆ. ಸಂದುಗಳಲ್ಲಿ ಡ್ಯಾಫೊಡಿಲ್ 25 ಗೆಡ್ಡೆ, 6 ಇಂಚು ಆಳ. ಅದು ವಿಷದ ಗೆಡ್ಡೆ, ಅಳಿಲು, ಜಿಂಕೆ ಮುಟ್ಟುವುದಿಲ್ಲ. ಇವೆಲ್ಲ ವಲಯ 3 ಅಥವಾ 4ರವು.

ಪಿಯೋನಿ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಜನ ಕೆಡಿಸುವುದು ಇದನ್ನೇ. ಸೆಪ್ಟೆಂಬರ್ ಕೊನೆಗೆ ಮಣ್ಣಿಲ್ಲದ ಬರೀ ಬೇರು ಮಾರಾಟಕ್ಕೆ ಬರುತ್ತದೆ. ಮರಗೆಣಸಿನಂಥ ಬೇರಿನ ತಲೆಯ ಮೇಲೆ ಕೆಂಪು ಮೊಳಕೆಗಳಿರುತ್ತವೆ, ಶುಂಠಿಗೆ ಕಣ್ಣು ಅನ್ನುತ್ತೀವಲ್ಲ, ಹಾಗೆ. 3ರಿಂದ 5 ಕಣ್ಣಿರುವ ತುಂಡು ಆರಿಸಿ. ಕಣ್ಣು ಮೇಲ್ಮುಖವಾಗಿ, ಅದರ ಮೇಲೆ ಒಂದೂವರೆ ಇಂಚು ಮಣ್ಣು, 2 ಇಂಚು ದಾಟಕೂಡದು. ದಾಟಿದರೆ ಗಿಡ ಸೊಂಪಾಗಿ ಬೆಳೆದು ಎಲೆ ಮಾತ್ರ ಬಿಡುತ್ತದೆ. ಈಗಷ್ಟೇ ಅಗೆದ ಮಣ್ಣು ನೀರು ಹಾಕಿದಾಗ ಕುಸಿದು ಬೇರು ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಗುಂಡಿಯ ತಳವನ್ನು ತುಳಿದು ಗಟ್ಟಿ ಮಾಡಿ, ನೀರು ಹಾಕಿದ ಮರುದಿನ ಬೆರಳಿಟ್ಟು ಅಳೆಯಿರಿ. ತುಂಬಿ ಹೂ ಬಿಡುವುದು ಮೂರನೇ ವರ್ಷ. ಅಷ್ಟರೊಳಗೆ 'ಇದು ಬರಡು' ಎಂದು ಕಿತ್ತು ಬೇರೆಡೆ ನೆಟ್ಟರೆ ಲೆಕ್ಕ ಮತ್ತೆ ಒಂದರಿಂದ ಶುರು. ಮೊಗ್ಗಿನ ಮೇಲೆ ಇರುವೆ ಓಡಾಡಿದರೆ ಔಷಧಿ ಹೊಡೆಯಬೇಡಿ ಎಂದು ಮಗಳಿಗೆ ಹೇಳಿಡಿ. ಅವು ಮೊಗ್ಗಿನ ಸಿಹಿಗೆ ಬಂದವು, ಹಾನಿಯಿಲ್ಲ.

ನೆರಳಿಗೆ ಬ್ಲೀಡಿಂಗ್ ಹಾರ್ಟ್ 1 ಸಾಕು, ಮೂರಡಿ ಹರಡುತ್ತದೆ. ಜೊತೆಗೆ ಬ್ರುನೆರಾ 3, ಲಂಗ್‌ವರ್ಟ್ 3. ಬ್ಲೀಡಿಂಗ್ ಹಾರ್ಟ್ ಬೇಸಿಗೆಯ ನಡುವೆ ಹಳದಿಯಾಗಿ ನೆಲಕ್ಕೆ ಒರಗುತ್ತದೆ. ಸತ್ತಿತು ಎಂದು ಅಗೆಯಬೇಡಿ, ಅದು ಮಲಗಿದ್ದಷ್ಟೇ.

ಎರಿಭೂಮಿ (ಹಡಪ್ಸರ್, ಪುಣೆ)

ಗಿಡದ ಪಟ್ಟಿ ಛಲೋ ಅದ. ನಾ ಮಣ್ಣು-ನೀರಿನ ಮಾತು ಹೇಳ್ತೀನ್ರಿ. ಅಲ್ಲೆ ಥಂಡಿಗಿಂತ ಹಸಿಗೇ ಗಿಡ ಹೆಚ್ಚು ಸಾಯ್ತಾವು. ಅಂಟುಜೇಡಿ ಒಳಗ ನೀರು ನಿಂತು, ಬುಡ ಕೊಳತು, ಏಪ್ರಿಲ್‌ಗೆ ನೋಡಿದ್ರ ಮೆತ್ತಗ ಆಗಿರತದ. ಜನ ಥಂಡಿ ಹೊಡೀತು ಅಂತಾರ.

ಹೋದ ದಿನಾನ ಒಂದಡಿ ಗುಂಡಿ ತೋಡಿ ನೀರು ತುಂಬಿಸ್ರಿ. ಇಂಗಿದ ಮ್ಯಾಲ ಮತ್ತೊಮ್ಮೆ ತುಂಬಿಸ್ರಿ. ಮುಂಜಾನಿಗೆ ಇನ್ನೂ ನೀರು ನಿಂತಿತ್ತಂದ್ರ ಪಾತಿ 6-8 ಇಂಚು ಏರಿಸಬೇಕು. ನಿಮ್ಮ ಬಿಸಿಲಿನ ಪಾತಿ 36 ಚದರ ಅಡಿ. ಅದರ ಮ್ಯಾಲ 3 ಇಂಚು ಕಾಂಪೋಸ್ಟ್ ಅಂದ್ರ 9 ಘನ ಅಡಿ, ಅಲ್ಲೆ ಸಿಗೋ ಒಂದು ಘನ ಅಡಿ ಚೀಲದಾಗ ಒಂಬತ್ತು. ಇಡೀ ಪಾತಿಗೆ ಹಾಕಿ 8-10 ಇಂಚು ಆಳಕ್ಕ ಕೂಡಿಸ್ರಿ. ನಾವು ಪುಣೆದಾಗ ಮಾಡ್ತೀವಲ್ಲ, ಗುಂಡಿಗಷ್ಟ ಗೊಬ್ಬರ ತುಂಬಿ ನೆಡೂದು, ಅದು ಅಲ್ಲೆ ಬ್ಯಾಡ. ಸುತ್ತ ಅಂಟುಮಣ್ಣು, ನಡು ಮೆತ್ತನ ಗೊಬ್ಬರ ಇದ್ರ ಆ ಗುಂಡಿ ಬೋಗುಣಿ ಆಗಿ ನೀರೆಲ್ಲ ಅಲ್ಲೇ ನಿಲ್ಲತದ. ಮರಳೂ ಹಾಕಬ್ಯಾಡ್ರಿ, ಜೇಡಿ ಜೊತಿ ಕೂಡಿ ಇಟ್ಟಂಗಿ ಆಗತದ.

ನೀರು ದಿನಾ ಮುಂಜಾನೆ-ಸಂಜಿ ಅಲ್ಲ. ವಾರಕ್ಕ ಒಂದಿಂಚು, ಮಳಿ ಸೇರಿಸಿ, ನೆಲ ಹೆಪ್ಪುಗಟ್ಟೂ ತನಕ.

ಇನ್ನ ಹೊದಿಕಿ. ಭಾಳ ಮಂದಿ ಅಕ್ಟೋಬರ್‌ನಾಗ ಹೊದಿಸಿಬಿಡ್ತಾರ, 'ಪಾಪ ಗಿಡಕ್ಕ ಥಂಡಿ' ಅಂತ. ತಪ್ಪು. ಹೊದಿಕಿ ಇರೂದು ಬೆಚ್ಚಗ ಇಡ್ಲಿಕ್ಕೆ ಅಲ್ಲ, ಹೆಪ್ಪುಗಟ್ಟಿದ್ದು ಹೆಪ್ಪುಗಟ್ಟೇ ಇರ್ಲಿ ಅಂತ. ಹಗಲ ಬಿಸಲಿಗೆ ಮ್ಯಾಲಿನ ಮಣ್ಣು ಕರಗಿ, ರಾತ್ರಿ ಮತ್ತ ಹೆಪ್ಪುಗಟ್ಟಿದ್ರ ಮಣ್ಣು ಉಬ್ಬತದ. ಹಂಗ ಉಬ್ಬಿ ಉಬ್ಬಿ ಹೊಸಾ ಗಿಡಾನ ಬೇರು ಸಮೇತ ಮ್ಯಾಲ ನೂಕತದ, ಅಲುಗೂ ಹಲ್ಲು ಕಿತ್ತು ಬಂದಂಗ. ಅದಕ್ಕ ನವೆಂಬರ್ ನಡುವ ಮ್ಯಾಲಿನ ಮಣ್ಣು ಗಟ್ಟಿ ಆದ ಮ್ಯಾಲ 4 ಇಂಚು ಒಣಹುಲ್ಲು ಹಾಸ್ರಿ. ಏಪ್ರಿಲ್‌ನಾಗ ಚಿಗುರು ಕಂಡ ಕೂಡ್ಲೆ ಸರಿಸ್ಲಿಕ್ಕೆ ಮಗಳಿಗೆ ಹೇಳ್ರಿ. ಹಿಮ ಬಿದ್ರ ಹೆದರಬ್ಯಾಡ್ರಿ, ಅದೂ ಕಂಬಳೀನ. ಆದ್ರ ಗಾಡಿ ದಾರಿಗೆ ಉಪ್ಪು ಹಾಕಿರ್ತಾರ, ಅಲ್ಲಿಂದ ಬಳದ ಹಿಮ ಪಾತಿ ಮ್ಯಾಲ ಒಗದ್ರ ಗಿಡ ಸುಟ್ಟು ಹೋಗತದ.

ಪಿಂಪಳೆ_ಬಾಲ್ಕನಿ

ಇಬ್ಬರಿಗೂ ಧನ್ಯವಾದ. ಪಾತಿಯ ಒಂದು ತುದಿ ಗಾಡಿ ದಾರಿಗೇ ತಾಗಿದೆ, ಆ ಕಡೆ ಎರಡಡಿ ಬಿಡುತ್ತೇನೆ. ಮೊಮ್ಮಕ್ಕಳಿಗೆ ಟುಲಿಪ್ ಬೇಕೇ ಬೇಕಂತೆ.

ಗೆಡ್ಡೆಗೆಣಸು

ಹಾಕಿ, ಆದರೆ ಟುಲಿಪ್ ಅನ್ನು ಬಹುವಾರ್ಷಿಕ ಎಂದು ನಂಬಬೇಡಿ. ಹೆಚ್ಚಿನ ತಳಿಗಳು ಎರಡು-ಮೂರು ವರ್ಷಕ್ಕೆ ಸೊರಗಿ ಬರೀ ಒಂದೆಲೆ ಬಿಡುತ್ತವೆ. ಡಾರ್ವಿನ್ ಹೈಬ್ರಿಡ್ ಜಾತಿ ಸ್ವಲ್ಪ ಹೆಚ್ಚು ಬಾಳುತ್ತದೆ. ಅಕ್ಟೋಬರ್ ಮೊದಲೆರಡು ವಾರದೊಳಗೆ, 8 ಇಂಚು ಆಳ, ಚೂಪು ಮೇಲೆ. ಅಳಿಲು ಅಗೆಯದಂತೆ ಮಣ್ಣಿನ ಮೇಲೆ ಕೋಳಿಗೂಡಿನ ತಂತಿಬಲೆ ಹಾಸಿ ಅಂಚಿಗೆ ಕಲ್ಲಿಡಿ. ಹೂ ಹೋದ ಮೇಲೆ ಎಲೆ ತಾನಾಗಿ ಹಳದಿಯಾಗುವ ತನಕ, ಅಂದರೆ ಸುಮಾರು ಆರು ವಾರ, ಕತ್ತರಿಸಬಾರದು. ಮುಂದಿನ ವರ್ಷದ ಹೂವಿಗೆ ಗೆಡ್ಡೆ ತುಂಬಿಕೊಳ್ಳುವುದು ಆಗಲೇ. ಡ್ಯಾಫೊಡಿಲ್‌ಗೂ ಇದೇ ನಿಯಮ.

ಸಿಲ್ಲಾ ಎಂಬ ಪುಟ್ಟ ನೀಲಿ ಹೂವಿನ ಗೆಡ್ಡೆಯೂ ಅಂಗಡಿಯಲ್ಲಿ ಸಿಗುತ್ತದೆ, ಚಂದವೂ ಇದೆ. ಆದರೆ ಆ ಕಡೆ ಕಾಡಿಗೆಲ್ಲ ಹಬ್ಬಿ ಉಪದ್ರವವಾಗಿದೆ, ಬೇಡ.

ಮಡಗಾಂವ್_ಮಳೆ (ಗೋವಾ)

ಸಾಗಾಟದ ಪ್ರಶ್ನೆ ಹಾಗೇ ಉಳಿಯಿತು. ಇಲ್ಲಿಂದ ಏನೂ ಒಯ್ಯಬೇಡಿ ಅಕ್ಕ. ಬೀಜ, ಗೆಡ್ಡೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇತ್ಯಾದಿ ಬೇಕು, ಮಣ್ಣು ಅಂಟಿದ್ದಕ್ಕೆ ಪ್ರವೇಶವೇ ಇಲ್ಲ. ಕರಿಬೇವಿನ ಎಲೆಯನ್ನೂ ವಿಮಾನ ನಿಲ್ದಾಣದಲ್ಲೇ ಕಿತ್ತು ಬಿಸಾಡುತ್ತಾರೆ. ವಾಪಸ್ ತರಲಿಕ್ಕೂ 2003ರ ಸಸ್ಯ ಸಂಗರೋಧ ಆದೇಶದಂತೆ ಆಮದು ಪರವಾನಗಿ ಬೇಕಾಗುತ್ತದೆ.

ತಂದರೂ ಪುಣೆಯಲ್ಲಿ ಪಿಯೋನಿ ಹೂ ಬಿಡುವುದಿಲ್ಲ. ಟುಲಿಪ್‌ಗೆ 12ರಿಂದ 16 ವಾರ 2ರಿಂದ 9 ಡಿಗ್ರಿಯ ಚಳಿ ಬೇಕು. ಪುಣೆಯಲ್ಲಿ ಜನವರಿಯ ಬೆಳಗಿನ ಜಾವ 10 ಡಿಗ್ರಿ ಇದ್ದರೂ ಮಧ್ಯಾಹ್ನ 30 ಆಗುತ್ತದೆ, ಗೆಡ್ಡೆಗೆ ನಿದ್ದೆಯೇ ಹತ್ತುವುದಿಲ್ಲ. ಫ್ರಿಜ್‌ನಲ್ಲಿಟ್ಟು ಒಂದು ಸಲ ಹೂ ಬಿಡಿಸಬಹುದು, ಆದರೆ ಪಕ್ಕದಲ್ಲಿ ಸೇಬು ಇಟ್ಟರೆ ಅದರಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ.

ನಿಮ್ಮ ಬಾಲ್ಕನಿಗೆ ನರ್ಸರಿಯವರು ಅಮರಿಲ್ಲಿಸ್ ಎಂದು ಮಾರುವ ಹಿಪ್ಪಿಯಾಸ್ಟ್ರಮ್ ಒಳ್ಳೆಯದು. 8 ಇಂಚಿನ ಕುಂಡ, ಗೆಡ್ಡೆಯ ಕುತ್ತಿಗೆ ಮಣ್ಣಿನಿಂದ ಮೇಲೆ. ಡಿಸೆಂಬರ್‌ನಿಂದ ಎರಡು ತಿಂಗಳು ನೀರು ಪೂರ್ತಿ ನಿಲ್ಲಿಸಿ, ಫೆಬ್ರವರಿಯಲ್ಲಿ ಮತ್ತೆ ಶುರುಮಾಡಿ. ಚಳಿಯ ಬದಲು ಒಣಗಿಸಿ ಮಲಗಿಸುವುದು, ಅಷ್ಟೇ. ಮಳೆಗಾಲದಲ್ಲಿ ಕಪ್ಪು ಮೈಗೆ ಬಿಳಿ-ಕೆಂಪು ಚುಕ್ಕೆಯ ಹುಳ ಬಂದರೆ ಎರಡೇ ದಿನಕ್ಕೆ ಎಲೆ ಬೋಳಿಸುತ್ತದೆ. ಕೈಯಿಂದ ಹೆಕ್ಕಿ ಸೋಪಿನ ನೀರಿಗೆ ಹಾಕಿ.

ಪಿಂಪಳೆ_ಬಾಲ್ಕನಿ

ಕೊನೆಯದು. ಹೊರಡುವ ಮುನ್ನ ಒಣಗಿದ ಕಾಂಡಗಳನ್ನೆಲ್ಲ ಕತ್ತರಿಸಿ ಬರಬೇಕಾ? ಮೊದಲ ವರ್ಷ ಪಿಯೋನಿಗೆ ಕಾಂಡ ಇರುತ್ತದಾ?

ಗೆಡ್ಡೆಗೆಣಸು

ಬರೀ ಬೇರು ನೆಟ್ಟ ಈ ವರ್ಷ ಇರುವುದಿಲ್ಲ. ಮುಂದಿನ ವರ್ಷದಿಂದ ಇಬ್ಬನಿ ಹೆಪ್ಪುಗಟ್ಟಿ ಪಿಯೋನಿ ಎಲೆ ಕಂದಿದ ಮೇಲೆ ನೆಲದಿಂದ 2 ಇಂಚು ಬಿಟ್ಟು ಕತ್ತರಿಸಿ, ಕಾಂಪೋಸ್ಟ್‌ಗೆ ಹಾಕದೆ ಕಸಕ್ಕೆ ಕಳಿಸಬೇಕು. ಬೂಷ್ಟು ರೋಗದ ಬೀಜ ಚಳಿಗಾಲ ಕಳೆಯುವುದು ಆ ಕಾಂಡದಲ್ಲೇ. ಉಳಿದವನ್ನೆಲ್ಲ ಹಾಗೇ ಬಿಡಿ. ಒಣಕಾಂಡ ಹಿಮ ಹಿಡಿದು ನಿಲ್ಲಿಸುತ್ತದೆ, ಏಪ್ರಿಲ್‌ನಲ್ಲಿ ಯಾವ ಗಿಡ ಎಲ್ಲಿತ್ತು ಎಂದು ಮಗಳಿಗೂ ಗೊತ್ತಾಗುತ್ತದೆ. ಗೆಡ್ಡೆ ಹಾಕಿದ ಕಡೆ ಮಾತ್ರ ಕಡ್ಡಿ ನೆಟ್ಟು ಹೆಸರು ಬರೆದಿಡಿ, ಪೆನ್ಸಿಲ್‌ನಲ್ಲಿ. ಪೆನ್ನಿನ ಶಾಯಿ ವಸಂತದ ಹೊತ್ತಿಗೆ ಅಳಿಸಿಹೋಗಿರುತ್ತದೆ.